ರಿಸರ್ಚಿಗೆ ಹೊಸಬರಾ? ಗ್ಲೋಬಲ್ ಹೆಲ್ತ್ ಟ್ರೈನಿಂಗ್ ಸೆಂಟರ್‌ನ ಫ್ರೀ ಕೋರ್ಸ್ ಮೊದ್ಲು ಮಾಡಿ

ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್) ಮುಗ್ಸಿ ಹೆಲ್ತ್ ಪ್ರಾಜೆಕ್ಟಿಗೆ ಸೇರೋರಿಗೆ, ನರ್ಸಿಂಗ್ ಮಾಡಿ ಸ್ಟಡಿ ಕೋಆರ್ಡಿನೇಟರ್ ಆಗೋರಿಗೆ ಎಲ್ರೂ ಕೇಳೋದು ಒಂದೇ, ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಅಂದ್ರೆ ಜನರ ಮೇಲೆ ರಿಸರ್ಚ್ ಸರಿಯಾಗಿ ಮಾಡೋಕಿರೋ ನಿಯಮಗಳು) ಸರ್ಟಿಫಿಕೇಟ್ ಇದ್ಯಾ ಅಂತ. ಸಾವಿರಾರು ರೂಪಾಯಿ ಕೊಟ್ಟು ವರ್ಕ್‌ಶಾಪಿಗೆ ಹೋಗೋಕೆ ಮುಂಚೆ ಗ್ಲೋಬಲ್ ಹೆಲ್ತ್ ಟ್ರೈನಿಂಗ್ ಸೆಂಟರ್‌ನ ಆನ್‌ಲೈನ್ ಕೋರ್ಸ್ ನೋಡಿ. ಆಕ್ಸ್‌ಫರ್ಡ್ ಯೂನಿವರ್ಸಿಟಿಯಲ್ಲಿ ಶುರುವಾದ ದಿ ಗ್ಲೋಬಲ್ ಹೆಲ್ತ್ ನೆಟ್‌ವರ್ಕ್‌ನೋರದ್ದು, ದುಡ್ಡು ಕಮ್ಮಿ ಇರೋ ದೇಶಗಳ ರಿಸರ್ಚ್ ಟೀಮುಗಳಿಗೆ ಅಂತಾನೇ ಮಾಡಿರೋದು. ಅಕೌಂಟ್ ಮಾಡ್ಕೊಂಡ್ರೆ ಕೋರ್ಸೂ ಫ್ರೀ ಸರ್ಟಿಫಿಕೇಟೂ ಫ್ರೀ, ಕೊನೇಲಿ ಕ್ವಿಜ್‌ನಲ್ಲಿ 80% ಬರ್ಬೇಕು.

ಜಿಸಿಪಿ ಒಂದೇ ಮಾಡಿ ಬಿಟ್ಬಿಡ್ಬೇಡಿ. ರಿಸರ್ಚ್ ಪ್ರಶ್ನೆ ಹೇಗೆ ಹಾಕ್ಕೋಬೇಕು, ಪ್ರೋಟೋಕಾಲ್ (ಸ್ಟಡಿ ಹೇಗೆ ನಡೆಸ್ತೀವಿ ಅನ್ನೋ ಪ್ಲಾನ್) ಹೇಗೆ ಬರೀಬೇಕು ಅನ್ನೋದಕ್ಕೆಲ್ಲ ಬೇರೆ ಬೇರೆ ಕೋರ್ಸ್ ಇದೆ, ಅದ್ರಲ್ಲೂ ಇನ್ಫಾರ್ಮ್ಡ್ ಕನ್ಸೆಂಟ್ (ಎಲ್ಲ ತಿಳಿಸಿ ಒಪ್ಪಿಗೆ ತಗೊಳ್ಳೋದು) ಬಗ್ಗೆ ಇರೋದು ಫೀಲ್ಡಿಗೆ ಹೋಗೋರು ಓದ್ಲೇಬೇಕು. ಓದು ಬರ್ದೇ ಇರೋರ ಒಪ್ಪಿಗೆ ತಗೊಳ್ಳೋವಾಗ ಟೀಮಿಗೆ ಸಂಬಂಧ ಇಲ್ದಿರೋ, ಓದು ಬರೋ ಸಾಕ್ಷಿ ಕೂತಿರ್ಬೇಕು ಅನ್ನೋದು ಜಿಸಿಪಿ ನಿಯಮ. ಪ್ರಾಜೆಕ್ಟಿಂದಾನೇ ದುಡ್ಡು ತಗೊಳ್ಳೋರ ಹತ್ರ ಸೈನ್ ಹಾಕಿಸ್ಕೊಂಡ್ರೆ ಅದು ಸಾಕ್ಷಿ ಅನ್ಸ್ಕೊಳ್ಳಲ್ಲ.

ಆದ್ರೆ ಹಳ್ಳೀಲಿ ಆಗೋದೇ ಬೇರೆ. ಅರ್ಧ ಫಾರಂ ಓದಿರ್ತೀವಿ ಅಷ್ಟರಲ್ಲಿ ಅಜ್ಜಿ "ಅದೆಲ್ಲ ಬಿಡವ್ವಾ, ಹೆಬ್ಬೆಟ್ಟು ಎಲ್ಲಿ ಒತ್ಲಿ ಹೇಳು" ಅಂತಾರೆ. ಅಲ್ಲಿ ನಿಂತು "ಅಜ್ಜೀ, ನಾನೇನ್ ಹೇಳ್ದೆ ನೀವೇ ಒಂದ್ಸಲ ಹೇಳಿ ನೋಡಾಣ" ಅಂತ ಕೇಳ್ಬೇಕು, "ರಕ್ತ ತಗೊಂಡು ಶುಗರ್ ನೋಡ್ತೀರಿ" ಅಂದ್ರು ಅಂದ್ರೆ, ಸ್ಟಡಿ ಇರೋದೋ ಟಿಬಿ ಬಗ್ಗೆ, ಹಾಗಾಗಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಈ ತಾಳ್ಮೆ ಸ್ಕ್ರೀನ್ ನೋಡಿ ಬರಲ್ಲ, ಅನುಭವ ಇರೋ ಸೀನಿಯರ್ ಜೊತೆ ಪಕ್ಕದಲ್ಲಿ ಕೂತು ಕಲೀಬೇಕು. ಜೂನಿಯರ್‌ಗಳ ಹತ್ರ ಸರ್ಟಿಫಿಕೇಟ್ ತಗೊಂಡು ಮಾರನೇ ದಿನಾನೇ ಒಬ್ಬೊಬ್ರನ್ನೇ ಫೀಲ್ಡಿಗೆ ಕಳ್ಸೋ ಪಿಐಗಳು (ಸ್ಟಡಿಯ ಮುಖ್ಯಸ್ಥರು) ದಯವಿಟ್ಟು ಇದನ್ನ ಯೋಚ್ನೆ ಮಾಡಿ.

ಇನ್ನೊಂದು ಕೊರತೆ, ಜಿಸಿಪಿ ಅನ್ನೋದು ಅಂತರರಾಷ್ಟ್ರೀಯ ನಿಯಮ, ನಮ್ಮ ದೇಶದ್ದು ನಾವೇ ಸೇರಿಸ್ಕೊಂಡು ಓದ್ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಎಥಿಕ್ಸ್ ಗೈಡ್‌ಲೈನ್ಸ್, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ರೂಲ್ಸ್, ಟ್ರಯಲ್ ಆದ್ರೆ ಮೊದಲ ವ್ಯಕ್ತಿನ ಸೇರಿಸ್ಕೊಳ್ಳೋಕೆ ಮುಂಚೆ ಸಿಟಿಆರ್‌ಐ (ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ) ನೋಂದಣಿ, ಇಷ್ಟಂತೂ ಬೇಕೇ ಬೇಕು.

ಇದು ಮುಗಿದ್ಮೇಲೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿರೋ ರಿಸರ್ಚ್ ಕಾರ್ಯಕ್ರಮ, ಜಿನೀವಾದ ಟಿಡಿಆರ್‌ನೋರ ಇಂಪ್ಲಿಮೆಂಟೇಶನ್ ರಿಸರ್ಚ್ ಆನ್‌ಲೈನ್ ಕೋರ್ಸ್ ನೋಡಿ, ಅದೂ ಫ್ರೀ. 1975ರಿಂದ ಬಡವರ ಕಾಯಿಲೆಗಳ ಮೇಲೆ ಕೆಲಸ ಮಾಡ್ತಿರೋ ಸಂಸ್ಥೆ. ಮದ್ದು ಇದ್ರೂ ಜನಕ್ಕೆ ಯಾಕೆ ತಲುಪಲ್ಲ ಅನ್ನೋದೇ ಅಲ್ಲಿನ ಪಾಠ. ಕಲಬುರಗಿ ಕಡೆ ಆನೆಕಾಲು ರೋಗದ ಮಾತ್ರೆ ಮನೆಮನೆಗೆ ಕೊಟ್ರೂ ಎದುರಿಗೇ ನುಂಗಿಸ್ಬೇಕು ಅಂತಾರಲ್ಲ, ಯಾಕೆ ಅನ್ನೋದು ಅದನ್ನ ಮಾಡಿದ್ರೆ ಚೆನ್ನಾಗಿ ಅರ್ಥ ಆಗತ್ತೆ.

ಹಾಂ, ರಿಜಿಸ್ಟರ್ ಆಗೋವಾಗ ಸ್ಟಡಿಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿಗೆ ಕೊಡೋ ಬಯೋಡೇಟಾದಲ್ಲಿ ಹೆಸರು ಹೇಗಿದ್ಯೋ ಹಾಗೇ ಟೈಪ್ ಮಾಡಿ, ಇನಿಷಿಯಲ್ ಸಮೇತ.