ನಿಮ್ಮವೇ ಎರಡು ಖಾತೆ: ಡೆಬಿಟ್ ಕಾರ್ಡೋ, ಎಸಿಎಚ್ಚೋ?

ಅಮೆರಿಕದಲ್ಲಿ ಎರಡು ಬ್ಯಾಂಕುಗಳಲ್ಲಿ ಖಾತೆ ಇಟ್ಟವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ದುಡ್ಡು ಹಾಕಲು ಯಾವ ದಾರಿ ವಾಸಿ: ಡೆಬಿಟ್ ಕಾರ್ಡೋ, ಬ್ಯಾಂಕ್ ಖಾತೆಯಿಂದ ಖಾತೆಗೆ ದುಡ್ಡು ಸಾಗಿಸುವ ಅಲ್ಲಿನ ಎಸಿಎಚ್ ಜಾಲವೋ?

ಅವಸರವಿದ್ದರೆ ಡೆಬಿಟ್ ಕಾರ್ಡ್. ವೀಸಾ ಡೈರೆಕ್ಟ್, ಮಾಸ್ಟರ್‌ಕಾರ್ಡ್ ಸೆಂಡ್‌ನಂಥ ಜಾಲಗಳಲ್ಲಿ ದುಡ್ಡು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸೇರುತ್ತದೆ. ಭಾನುವಾರ ರಾತ್ರಿಯೂ ನಡೆಯುತ್ತದೆ. ಖಾತೆ ಜೋಡಿಸುವ ತಾಪತ್ರಯವೂ ಕಡಿಮೆ. ಎಸಿಎಚ್‌ನಲ್ಲಿ ಎಷ್ಟೋ ಸಲ ಮೊದಲು ಕೆಲವೇ ಸೆಂಟುಗಳ ಎರಡು ಜಮಾ ಬರಬೇಕು. ಆ ಮೊತ್ತ ತಿಳಿಸಿದ ಮೇಲೆಯೇ ಖಾತೆ ನಿಮ್ಮದು ಎಂದು ಬ್ಯಾಂಕ್ ನಂಬುವುದು. ಅಷ್ಟರಲ್ಲಿ ಬಾಡಿಗೆ ಕಟ್ಟುವ ದಿನವೇ ಮುಗಿದಿರುತ್ತದೆ!

ಆದರೆ ಕಾರ್ಡಿನ ಮಿತಿ ಚಿಕ್ಕದು. ದಿನಕ್ಕೆ ಇಷ್ಟೇ ಎಂದು ಬ್ಯಾಂಕ್ ಗೆರೆ ಎಳೆದಿರುತ್ತದೆ, ಕೆಲವು ಕಡೆ ಶುಲ್ಕವೂ ಇರುತ್ತದೆ. ಉಳಿತಾಯ ಖಾತೆಗೆ ಎಷ್ಟೋ ಕಡೆ ಡೆಬಿಟ್ ಕಾರ್ಡೇ ಇರುವುದಿಲ್ಲ, ಅಲ್ಲಿಗೆ ಕಥೆ ಮುಗಿಯಿತು.

ಎಸಿಎಚ್ ನಿಧಾನ. ಕಂತೆ ಕಂತೆಯಾಗಿ ಸಾಗುತ್ತದೆ, ವಾರಾಂತ್ಯಕ್ಕೂ ಫೆಡರಲ್ ರಜೆಗೂ ನಿಲ್ಲುತ್ತದೆ. ಹೆಚ್ಚಾಗಿ ಒಂದರಿಂದ ಮೂರು ಕೆಲಸದ ದಿನ. ಆದರೂ ಬಹುತೇಕ ಪುಕ್ಕಟೆ, ಮಿತಿಯೂ ಜಾಸ್ತಿ. ತಿಂಗಳಿಗೊಮ್ಮೆ ಉಳಿತಾಯಕ್ಕೆ ಹಾಕುವವರು ಸುಮ್ನೆ ಕಾರ್ಡಿಗೆ ಶುಲ್ಕ ಯಾಕೆ ಕೊಡಬೇಕು?

ಕಾರ್ಡೂ ಬೇಡ, ಕಾಯುವುದೂ ಬೇಡ ಎಂದರೆ ಖಾತೆಯಿಂದ ಖಾತೆಗೆ ತಕ್ಷಣ ದುಡ್ಡು ಸೇರಿಸುವ ಜಾಲಗಳಾದ 2017ರಲ್ಲಿ ಬಂದ ಆರ್‌ಟಿಪಿ, 2023ರ ಫೆಡ್‌ನೌ ಇವೆ. ನಿಮ್ಮ ಎರಡೂ ಬ್ಯಾಂಕುಗಳು ಒಂದೇ ಜಾಲದಲ್ಲಿವೆಯಾ ಎಂದು ಮೊದಲು ಕೇಳಿ.