ಪೆನ್ ಡ್ರೈವ್ ಮೌಂಟ್ ಆಗದಿದ್ದಾಗ: ಲಿನಕ್ಸ್ ಮಿಂಟ್ 22 ಮತ್ತು ಅದರ ‘ಡಿಸ್ಕ್ಸ್’ ತಂತ್ರಾಂಶದ ವಿಮರ್ಶೆ

ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಡಿಟಿಪಿ ಕೇಂದ್ರದಲ್ಲಿ, ವಿಂಡೋಸ್ ಬದಲಿಗೆ ಬಳಸುವ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22 ದಿನವಿಡೀ ಬಳಕೆಯಲ್ಲಿದೆ. ಹರಿಹರ, ಚನ್ನಗಿರಿ, ಜಗಳೂರು ಕಡೆಗಳಿಂದ ಮದುವೆ ಪತ್ರಿಕೆ, ಫ್ಲೆಕ್ಸ್, ಬಿಲ್ ಪುಸ್ತಕ ಮಾಡಿಸಲು ಬರುವವರು ಫೈಲುಗಳನ್ನು ಪೆನ್ ಡ್ರೈವಿನಲ್ಲಿ ತರುತ್ತಾರೆ, ಅವುಗಳಲ್ಲಿ ಹೆಚ್ಚಿನವು ವಿಂಡೋಸ್ ಯಂತ್ರಗಳಿಂದ ಬಂದವು. ಹಾಗಾಗಿ ನನಗೆ ಮುಖ್ಯವಾದದ್ದು ಒಂದೇ: ಗಿರಾಕಿಯ ಡ್ರೈವ್ ತೆರೆಯದೆ ಹೋದಾಗ, ಒಳಗಿರುವುದಕ್ಕೆ ಧಕ್ಕೆಯಾಗದಂತೆ ಕಾರಣವನ್ನು ಪತ್ತೆಹಚ್ಚಲು ಈ ವ್ಯವಸ್ಥೆ ಎಷ್ಟು ನೆರವಾಗುತ್ತದೆ?

ಆರೋಗ್ಯವಾಗಿರುವ ಡ್ರೈವುಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಚುಚ್ಚಿದ ಕೂಡಲೇ ಡ್ರೈವ್ ‘ಮೀಡಿಯಾ’ ಕಡತಕೋಶದಡಿ, ಬಳಕೆದಾರರ ಹೆಸರಿನಲ್ಲಿ ಮೌಂಟ್ ಆಗುತ್ತದೆ, ಅಂದರೆ ಒಳಗಿನ ಫೈಲುಗಳು ಬಳಕೆಗೆ ತೆರೆದುಕೊಳ್ಳುತ್ತವೆ. ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ಮಿನ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನ) ಚಾಲಕವು 2020ರ 5.7ನೇ ಆವೃತ್ತಿಯಿಂದಲೇ ಲಿನಕ್ಸಿನ ತಿರುಳಾದ ಕರ್ನೆಲಿನ ಭಾಗವಾಗಿರುವುದರಿಂದ ದೊಡ್ಡ ಮೆಮೊರಿ ಕಾರ್ಡುಗಳಿಗೂ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕಾಗಿಲ್ಲ.

ಮಿಂಟ್ ಸೋಲುವುದು ದೋಷವನ್ನು ತಿಳಿಸುವ ರೀತಿಯಲ್ಲಿ. ಫೈಲ್ ಸಿಸ್ಟಮ್ಮಿನ ಬಗೆ ತಪ್ಪಾಗಿರಬಹುದು, ಆಯ್ಕೆ ತಪ್ಪಾಗಿರಬಹುದು, ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್ಮಿನ ಮೂಲ ವಿವರಗಳಿರುವ ಭಾಗ) ಕೆಟ್ಟಿರಬಹುದು, ಅಥವಾ ಬೇರೇನೋ ಆಗಿರಬಹುದು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳುವ ಸಂದೇಶವೊಂದು ಪರದೆಯ ಮೇಲೆ ಬರುತ್ತದೆ. ಇದನ್ನು ಓದಿದ ಗಿರಾಕಿ ಡ್ರೈವ್ ಸತ್ತೇಹೋಯಿತೆಂದು ಗಾಬರಿಯಾಗುತ್ತಾರೆ, ಅವಸರದ ಕೆಲಸಗಾರರು ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಾರೆ. ಆ ಮಾತಿಗೆ ಎಂದೂ ಒಪ್ಪಬಾರದು.

ನಿಜವಾದ ಕಾರಣ ಬಹಳ ಸಲ ಕರ್ನೆಲಿನ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ನಿರ್ವಾಹಕರ ಅಧಿಕಾರ ಕೊಡುವ ಸುಡೋ ಸಮೇತ ‘ಡಿಮೆಸ್ಗ್’ ಆದೇಶ (sudo dmesg) ಕೊಟ್ಟು ಕೊನೆಯ ಸಾಲುಗಳನ್ನು ನೋಡಬೇಕು. ಅಲ್ಲಿ ‘ಎರರ್ -71’ ಎಂದಿದ್ದರೆ ಫೈಲ್ ಸಿಸ್ಟಮ್ಮನ್ನು ದೂರಿ ಫಲವಿಲ್ಲ, ಯುಎಸ್‌ಬಿ ಮಾತುಕತೆಯೇ ಮುರಿದಿದೆ. ಕೇಬಲ್ ಬದಲಿಸಿ, ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದರಲ್ಲಿ ಚುಚ್ಚಿ ನೋಡಬೇಕು. ಫ್ಯಾಟ್ (ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾದ ಫೈಲ್ ಸಿಸ್ಟಂ) ವಿಭಾಗವನ್ನು ಸರಿಯಾಗಿ ಅನ್‌ಮೌಂಟ್ ಮಾಡಿಲ್ಲ ಎಂದಿದ್ದರೆ ಹೆಚ್ಚಾಗಿ ಯಾರೋ ಇಜೆಕ್ಟ್ ಮಾಡದೆಯೇ ಡ್ರೈವನ್ನು ಕಿತ್ತಿದ್ದಾರೆ ಎಂದರ್ಥ. ವಿಂಡೋಸಿನ ಫೈಲ್ ಸಿಸ್ಟಮ್ಮಾದ ಎನ್‌ಟಿಎಫ್‌ಎಸ್ ವಿಭಾಗ ‘ಡರ್ಟಿ’ (ಸರಿಯಾಗಿ ಮುಚ್ಚಿಲ್ಲ) ಆಗಿದೆ ಎಂಬ ಸಾಲು ಬಂದರೆ, 2021ರಲ್ಲಿ 5.15ನೇ ಕರ್ನೆಲಿಗೆ ಸೇರಿದ ಎನ್‌ಟಿಎಫ್‌ಎಸ್3 ಚಾಲಕವು ಬಲವಂತ ಮಾಡದ ಹೊರತು ಅದನ್ನು ಮೌಂಟ್ ಮಾಡುವುದಿಲ್ಲ. ಬಲವಂತ ಮಾಡುವ ದಾರಿ ಇದ್ದರೂ ಗಿರಾಕಿಯ ಡ್ರೈವಿನ ಮೇಲೆ ಅದನ್ನು ಪ್ರಯೋಗಿಸುವುದು ಸರಿಯಲ್ಲ. ವಿಂಡೋಸ್ ಯಂತ್ರದಲ್ಲಿ ಡ್ರೈವ್ ಪರಿಶೀಲಿಸುವ ‘ಚೆಕ್‌ಡಿಸ್ಕ್’ ಓಡಿಸಿ, ಕ್ರಮವಾಗಿ ಹೊರತೆಗೆದು ತರುವಂತೆ ಹೇಳುವುದೇ ಕ್ಷೇಮ.

ಇಷ್ಟನ್ನೂ ಟರ್ಮಿನಲ್ಲಿಗೆ ಹೋಗದವರಿಗೆ ಬಹುಮಟ್ಟಿಗೆ ಒದಗಿಸುವುದು ಮಿಂಟ್ ಜೊತೆಗೇ ಬರುವ ‘ಡಿಸ್ಕ್ಸ್’, ಮತ್ತು ನಾನು ಈ ವ್ಯವಸ್ಥೆಯನ್ನು ಶಿಫಾರಸು ಮಾಡುವುದಕ್ಕೆ ಮುಖ್ಯ ಕಾರಣವೂ ಅದೇ. ಎಡಗಡೆಯ ಪಟ್ಟಿಯಲ್ಲಿ ಡ್ರೈವ್ ಕಾಣಿಸುತ್ತದೆಯೇ ಎಂಬುದರಿಂದಲೇ ಅರ್ಧ ನಿರ್ಣಯವಾಗುತ್ತದೆ: ಕಾಣಿಸದಿದ್ದರೆ ತೊಂದರೆ ಪೋರ್ಟ್, ಕೇಬಲ್ ಅಥವಾ ಡ್ರೈವಿನದು, ಕಾಣಿಸಿಯೂ ತೆರೆಯದಿದ್ದರೆ ಬಹುಮಟ್ಟಿಗೆ ಫೈಲ್ ಸಿಸ್ಟಮ್ಮಿನದು. ವಿಭಾಗದ ಕೆಳಗಿರುವ ಗೇರ್ ಚಿಹ್ನೆಯನ್ನು ಒತ್ತಿದರೆ ಪರಿಶೀಲಿಸುವ, ದುರಸ್ತಿ ಮಾಡುವ ಆಯ್ಕೆಗಳು ಸಿಗುತ್ತವೆ. ಆದರೆ ದುರಸ್ತಿ ಎಂದರೆ ಡ್ರೈವಿನ ಮೇಲೆ ಬರೆಯುವುದು ಎಂಬುದನ್ನು ಮರೆಯುವಂತಿಲ್ಲ. ಮಗಳ ಮದುವೆಯ ಫೋಟೋಗಳಿರುವ ಏಕೈಕ ಪ್ರತಿ ಅದಾಗಿದ್ದರೆ ಮೊದಲು ಡಿಸ್ಕ್ ಇಮೇಜ್ (ಇಡೀ ಡ್ರೈವಿನ ಯಥಾವತ್ ನಕಲು) ಮಾಡಿಟ್ಟುಕೊಳ್ಳಲೇಬೇಕು, ಅದಕ್ಕೂ ಇದೇ ತಂತ್ರಾಂಶದಲ್ಲಿ ವ್ಯವಸ್ಥೆಯಿದೆ. 32 ಜಿಬಿ ಡ್ರೈವಿನ ಇಮೇಜಿಗೆ, ಒಳಗೆ ಎಷ್ಟೇ ಕಡಿಮೆ ಫೈಲುಗಳಿದ್ದರೂ, 32 ಜಿಬಿ ಜಾಗ ಬೇಕು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ದೊಡ್ಡ ಫ್ಲೆಕ್ಸ್ ಫೈಲನ್ನು ನಕಲಿಸುವಾಗ ಪ್ರಗತಿಯ ಪಟ್ಟಿ ಸರ್ರನೆ ತುಂಬಿ ಮಾಯವಾಗುತ್ತದೆ, ಆದರೆ ಫೈಲಿನ ಬಹುಭಾಗ ಇನ್ನೂ ಯಂತ್ರದ ಮೆಮೊರಿಯಲ್ಲೇ ಇರುತ್ತದೆ. ‘ಇಜೆಕ್ಟ್’ ಒತ್ತಿದಾಗ ಬರೆಯುವ ಕೆಲಸ ನಡೆಯುತ್ತಿದೆ, ಕೀಳಬೇಡಿ ಎಂಬ ಸೂಚನೆ ಬರುತ್ತದೆ; ಈ ಮಾಹಿತಿ ನಕಲಿಸುವ ಹೊತ್ತಿನಲ್ಲೇ ಸಿಕ್ಕಿದ್ದರೆ ಎಷ್ಟೋ ಡ್ರೈವುಗಳು ಕೆಡುತ್ತಿರಲಿಲ್ಲ. ಡ್ರೈವ್ ಬಳಕೆಯಲ್ಲಿದೆ ಎಂದು ಇಜೆಕ್ಟ್ ನಿರಾಕರಿಸಿದರೆ, ಆ ಡ್ರೈವಿನಿಂದಲೇ ನೇರವಾಗಿ ತೆರೆದ ಫೈಲು ಯಾವುದಾದರೂ ಉಳಿದಿದೆಯೇ ಎಂದು ಮೊದಲು ನೋಡಬೇಕು.

ಡಿಟಿಪಿ, ಜೆರಾಕ್ಸ್, ಸೈಬರ್ ಕೇಂದ್ರ ನಡೆಸುವವರಿಗೆ ಮಿಂಟ್ 22 ಅನ್ನು ಧೈರ್ಯವಾಗಿ ಸೂಚಿಸುತ್ತೇನೆ. ಆದರೆ ಕೌಂಟರಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ‘ಡಿಸ್ಕ್ಸ್’ ಬಳಸುವುದನ್ನು ಮೊದಲು ಕಲಿಸಬೇಕು, ಫಾರ್ಮ್ಯಾಟ್ ಮಾಡುವ ಅಧಿಕಾರವನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದು.