ಮಂಡ್ಯದಲ್ಲಿ ಯೂರಿನ್ ಕಲ್ಚರ್: ರಿಪೋರ್ಟ್ ಚೆನ್ನ, ಕೌಂಟರ್ ಅಷ್ಟಕ್ಕಷ್ಟೆ

ನಾನು ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಉರಿಮೂತ್ರ ಅಂತ ಬಂದು "ಎರಡು ಸಿಪ್ರೋ ಕೊಡಿ ಮೇಡಂ" ಅಂತ ಆಂಟಿಬಯೋಟಿಕ್ ಕೇಳುವವರಿಗೆ ಲೆಕ್ಕವಿಲ್ಲ. ನಮ್ಮತ್ತೆಗೂ ಅದೇ ಶುರುವಾದಾಗ, ಡಾಕ್ಟ್ರು ಹೇಳಿದಂತೆ ಮಾತ್ರೆ ಮುಟ್ಟುವ ಮೊದಲೇ ನೂರಡಿ ರಸ್ತೆಯ ಲ್ಯಾಬ್ ಒಂದರಲ್ಲಿ ಕಲ್ಚರ್‌ಗೆ ಕೊಟ್ಟೆವು, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವುದು, ಯಾವ ಔಷಧಿ ಕೆಲಸ ಮಾಡುತ್ತೆ ಅಂತ ನೋಡೋ ಟೆಸ್ಟ್. 700 ರೂಪಾಯಿ.

ಮೊದಲು ದೂರು. ಕೌಂಟರ್ ಹುಡುಗ ಡಬ್ಬಿ ಕೈಗಿಟ್ಟು ಬಾತ್‌ರೂಮ್ ತೋರಿಸಿದ, ಅಷ್ಟೇ. ಮೊದಲು ಬರುವುದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು, ಡಬ್ಬಿಯೊಳಗೆ ಬೆರಳು ತಾಗಬಾರದು ಅಂತ ನಾನೇ ಅತ್ತೆಗೆ ಹೇಳಿ ಕಳಿಸಿದೆ. ಇತ್ತ ನೋಡಿದರೆ ಬೇರೆಯವರ ಡಬ್ಬಿಗಳು ಕಿಟಕಿ ಪಕ್ಕ ಬಿಸಿಲಲ್ಲಿ ಕೂತಿವೆ! ಎರಡು ಗಂಟೆಯೊಳಗೆ ಟೆಸ್ಟ್‌ಗೆ ಹಾಕದಿದ್ದರೆ ಫ್ರಿಜ್‌ನಲ್ಲಿ ಇಡಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ಲೆಕ್ಕ ತಪ್ಪುತ್ತದೆ. ಕೇಳಿದ ಮೇಲೆ ಒಳಗಿಟ್ಟ, ಮುಖ ಊದಿಸಿಕೊಂಡು.

ರಿಪೋರ್ಟ್ ಮಾತ್ರ ಚೆನ್ನಾಗಿದೆ. ಮೂರನೇ ದಿನ ವಾಟ್ಸಾಪ್‌ಗೆ ಬಂತು. ಇನ್ನೂ ಬೇಗ ಕೊಡಿ ಅಂತ ಜಗಳ ಬೇಡ. ಬ್ಯಾಕ್ಟೀರಿಯಾ ಬೆಳೆಯೋಕೆ ಒಂದು ರಾತ್ರಿ, ಔಷಧಿಗಳ ಎದುರು ಇಟ್ಟು ನೋಡೋಕೆ ಇನ್ನಷ್ಟು ಸಮಯ ಬೇಕೇ ಬೇಕು. ಬಂದದ್ದು ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ. ಒಂದು ಎಂ.ಎಲ್.ಗೆ 1 ಲಕ್ಷಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ. ಇಎಸ್‌ಬಿಎಲ್ ಪಾಸಿಟಿವ್, ಅಂದ್ರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಥರದ ಆಂಟಿಬಯೋಟಿಕ್ಕುಗಳನ್ನು ಒಡೆದುಹಾಕುವ ಕಿಣ್ವ ಅದರ ಹತ್ತಿರ ಇದೆ. ಸಿಪ್ರೋ ಮುಂದೆಯೂ 'ಆರ್', ಕೆಲಸ ಮಾಡಲ್ಲ ಅಂತ.

ನನಗೆ ಇಷ್ಟವಾಗಿದ್ದು, ಬರೀ ಎಸ್ (ಕೆಲಸ ಮಾಡುತ್ತೆ), ಆರ್ ಹಾಕಿ ಕೈತೊಳೆದುಕೊಂಡಿಲ್ಲ. ಪ್ರತಿ ಔಷಧಿಗೂ ಎಂಐಸಿ ಕೊಟ್ಟಿದ್ದಾರೆ: ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯೋಕೆ ಕನಿಷ್ಠ ಎಷ್ಟು ಬೇಕು ಅನ್ನೋ ಅಂಕಿ. ಆದರೆ ಇದೇ ಅಂಕಿ ನಮ್ಮನೆಯವರ ತಲೆ ಕೆಡಿಸಿತು. "ಮೆರೋಪೆನಮ್ 0.25, ನೈಟ್ರೋಫ್ಯುರಾಂಟಾಯಿನ್ 16. ಕಡಿಮೆ ಇರೋದೇ ಒಳ್ಳೇದಲ್ವಾ? ಡಾಕ್ಟ್ರು ಯಾಕೆ 16ರದ್ದು ಬರೆದ್ರು?"

ಹಾಗೆ ಅಡ್ಡಡ್ಡ ಹೋಲಿಸೋ ಹಾಗಿಲ್ಲ. ಒಂದೊಂದು ಔಷಧಿಗೂ ಅದರದೇ ಗಡಿ, ಎಂಐಸಿ ಅದರೊಳಗಿದ್ದರೆ ಔಷಧಿ ಕೆಲಸ ಮಾಡುತ್ತೆ ಅಂತ. ಮೆರೋಪೆನಮ್‌ಗೆ 1, ನೈಟ್ರೋಫ್ಯುರಾಂಟಾಯಿನ್‌ಗೆ 32. ಎರಡೂ ಗಡಿಯೊಳಗೇ ಇವೆ. ನೈಟ್ರೋಫ್ಯುರಾಂಟಾಯಿನ್ ಮಾತ್ರೆ, ಮೂತ್ರದಲ್ಲೇ ಹೋಗಿ ಸೇರುತ್ತದೆ, ಮೂತ್ರಕೋಶದ ಸೋಂಕಿಗೆ ಸರಿಹೊಂದುತ್ತದೆ. ಮೆರೋಪೆನಮ್ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್, ಸುಮ್ನೆ ಬಳಸಿಬಿಡೋದಲ್ಲ. ಅತ್ತೆಗೆ ಜ್ವರ, ಬೆನ್ನುನೋವು ಬಂದು ಕಿಡ್ನಿಗೆ ಹತ್ತಿದ್ದರೆ ಆ ಮಾತ್ರೆ ಸಾಲುತ್ತಿರಲಿಲ್ಲ, ಅದು ಬೇರೆ. ಇಷ್ಟನ್ನು ರಿಪೋರ್ಟ್ ಕೆಳಗೆ ಎರಡು ಸಾಲು ಕನ್ನಡದಲ್ಲಿ ಹಾಕೋಕೆ ಏನು ಕಷ್ಟ?

ಐದಕ್ಕೆ ನಾಲ್ಕು. ಭಾನುವಾರ ಬಾಗಿಲು ಹಾಕಿರುತ್ತಾರೆ, ಶನಿವಾರ ಸಂಜೆ ಸ್ಯಾಂಪಲ್ ಕೊಡೋಕೆ ಹೋಗಬೇಡಿ.